ಜಮೀಲಮ್ಮನಿಗೆ ಗುಣವಾದ ಬಗೆ

ಚೊಂಬು ಎತ್ತಿ ಬಲ ಹೆಗಲ ಮೇಲೆ ನೀರು ಹೊಯ್ಯಹೊರಟ ಜುವೈರಿಯಾಳ ಕೈಯನ್ನು ಬೀಪಾತುಮ್ಮ ಅರ್ಧದಲ್ಲೇ ಹಿಡಿದರು.

"ಮೆಲ್ಲ ಮಾರಾಯ್ತಿ. ಪಾತ್ರೆ ತೊಳೆಯುವ ಹಾಗೆ ಅಲ್ಲ. ಬಾಣಂತಿಗೆ ಹೊಯ್ಯುವ ಹಾಗೆ ಹೊಯ್ಯಬೇಕು."

ಜುವೈರಿಯಾ ಚೊಂಬು ತಗ್ಗಿಸಿದಳು. ಬೋರೆ ಎಲೆಯ ಪುಡಿ ಕಲಸಿದ ಬೆಚ್ಚಗಿನ ನೀರು ಜಮೀಲಮ್ಮನ ಹೆಗಲಿಂದ ಇಳಿದು ಸ್ಟೀಲಿನ ಮಂಚದ ಅಂಚಿಗೆ ಹರಿಯಿತು. ಅಜೀಜಿಯಾದ ಮಸೀದಿಯೊಂದರ ಹಿಂಬದಿಗೆ, ತೀರಿಕೊಂಡ ಹೆಂಗಸರ ಮಯ್ಯಿತ್ತು ತೊಳೆಯಲೆಂದೇ ಇರುವ ಕೋಣೆ ಅದು. ಹೊರಗೆ ಜಿದ್ದಾದ ಬಿಸಿಲು ಕಾಲಿಡಲು ಬಿಡುತ್ತಿರಲಿಲ್ಲ; ಒಳಗೆ ಏಸಿಯ ಚಳಿಗೆ ಮೈ ನಡುಗುತ್ತಿತ್ತು. ನಡುಕ ಬರೀ ಚಳಿಯದ್ದಲ್ಲ ಎಂದು ಜುವೈರಿಯಾಳಿಗೆ ಗೊತ್ತಿತ್ತು. ಬೆಳಗ್ಗೆ ಸುದ್ದಿ ಬಂದಾಗಿನಿಂದ ಅವಳಿಗೆ ಹೆದರಿಕೆಯಾಗಿತ್ತು.

ಜಿದ್ದಾದಲ್ಲಿರುವ ನಮ್ಮ ಕಡೆಯ ಬ್ಯಾರಿ ಹೆಂಗಸರಲ್ಲಿ ಯಾರು ತೀರಿಕೊಂಡರೂ ತೊಳೆದು ಕಫನ್ ಬಟ್ಟೆ ಉಡಿಸುವವರು ಬೀಪಾತುಮ್ಮ. ವಯಸ್ಸು ಎಪ್ಪತ್ತರ ಹತ್ತಿರ. ಜೊತೆಗೆ ಒಬ್ಬಳು ಬೇಕು ಎಂದು ಅವರು ಕೇಳಿದಾಗ ಹೆಚ್ಚಿನವರು ನೆಲ ನೋಡಿದ್ದರು, ಜುವೈರಿಯಾ ತಾನೇ ಎದ್ದು ಬಂದಿದ್ದಳು. ಮಕ್ಕಳಿಲ್ಲದ ಜಮೀಲಮ್ಮ ಮಾಮಿ ತನ್ನನ್ನು ಮಗಳ ಹಾಗೆ ನೋಡಿಕೊಂಡಿದ್ದರು ಎಂಬುದು ಒಂದು ಕಾರಣ. ಇನ್ನೊಂದನ್ನು ಯಾರ ಎದುರೂ ಹೇಳುವಂತಿರಲಿಲ್ಲ. ಮಾಮಿ ಯಾವುದರಿಂದ ಸತ್ತರು ಎಂದು ಅವಳಿಗೆ ತನ್ನ ಕಣ್ಣಿಂದಲೇ ನೋಡಬೇಕಿತ್ತು.

ಯಾಕೆಂದರೆ ಎರಡು ವರ್ಷದ ಹಿಂದೆ ಮಾಮಿಗೆ ಬಂದಿದ್ದ ಕಾಯಿಲೆ ಈಗ ಅವಳಿಗೂ ಬಂದಿತ್ತು. ಎಡ ಎದೆಯಲ್ಲಿ, ಕಂಕುಳಿಗೆ ಹತ್ತಿರವಾಗಿ, ಒಂದು ಗಂಟು. ಮಾಮಿಯನ್ನು ಗುಣಪಡಿಸಿದ ಇಂಜೆಕ್ಷನನ್ನೇ ಅವಳೂ ಮೂರು ತಿಂಗಳಿಂದ ಚುಚ್ಚಿಸಿಕೊಳ್ಳುತ್ತಿದ್ದಳು. ಆಸ್ಪತ್ರೆಯ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಈಗ ನೋಡಿದರೆ ಗುಣವಾದವರು ಮಂಚದ ಮೇಲೆ ಮಲಗಿದ್ದಾರೆ. "ಹಾರ್ಟ್ ಅಟ್ಯಾಕು. ಆ ಕಾಯಿಲೆಗೂ ಇದಕ್ಕೂ ಸಂಬಂಧವೇ ಇಲ್ಲ," ಎಂದು ಮಾಮಿಯ ತಮ್ಮ ಅಬ್ದುಸ್ಸಲಾಮ್ ಸಾವಿನ ಸುದ್ದಿ ಹೇಳಿದ ಫೋನಿನಲ್ಲೇ ಹೇಳಿದ್ದ.

"ತಲೆಬಟ್ಟೆ ಬಿಚ್ಚು," ಎಂದರು ಬೀಪಾತುಮ್ಮ. "ಕೂದಲು ತೊಳೆದು ಮೂರು ಜಡೆ ಹಾಕಿ ಹಿಂದಕ್ಕೆ ಬಿಡ್ಲಿಕ್ಕುಂಟು. ಎಂಥ ಕೂದಲು ಇವಳದ್ದು. ಮದುವೆಯಾಗಿ ಬಂದಾಗ ಕೂತರೆ ನೆಲಕ್ಕೆ ತಾಗ್ತಿತ್ತು."

ಆ ಕೂದಲನ್ನು ಈಚೆಗೆ ಯಾರೂ ಕಂಡಿರಲಿಲ್ಲ. ಎರಡು ವರ್ಷದಿಂದ ಜಮೀಲಮ್ಮ ಹೆಂಗಸರ ನಡುವೆಯೂ ತಲೆಬಟ್ಟೆ ತೆಗೆದವರಲ್ಲ. ಮೆಹಂದಿಯ ರಾತ್ರಿಯಲ್ಲಿರಲಿ, ಒಲೆಯ ಬಿಸಿಯ ಎದುರಿನಲ್ಲಿರಲಿ, ಅದು ಹಣೆಯವರೆಗೆ ಬಿಗಿದೇ ಇರುತ್ತಿತ್ತು. ಕಾಯಿಲೆ ಬಂದು ಹೋದ ಮೇಲೆ ಜಮೀಲಮ್ಮನ ಮನಸ್ಸು ದೀನಿನ ಕಡೆ, ಧರ್ಮದ ಕಡೆ ತಿರುಗಿದೆ ಎಂದು ಹೆಂಗಸರು ಮೆಚ್ಚಿಕೊಂಡಿದ್ದರು.

ಜುವೈರಿಯಾ ಪಿನ್ನು ತೆಗೆದು ಬಟ್ಟೆ ಸರಿಸಿದಳು. ಒಳಗೆ ಒಂದು ಬೆರಳುದ್ದದ ಕೂದಲಿತ್ತು. ಎಳೆ ಮಗುವಿನ ತಲೆಯಲ್ಲಿರುವಂಥ, ಅಲ್ಲಲ್ಲಿ ಸುರುಳಿಯಾದ, ಬೂದು ಬಣ್ಣದ ಮೆತ್ತನೆಯ ಕೂದಲು. ಒಂದು ಕಡೆ ಅದೂ ಇರದೆ ನುಣ್ಣಗಿತ್ತು.

ಬೀಪಾತುಮ್ಮ ಬಾಚಣಿಗೆ ಹಿಡಿದುಕೊಂಡೇ ನಿಂತರು. ಆಮೇಲೆ ಬಾಚಣಿಗೆ ಪಕ್ಕಕ್ಕಿಟ್ಟು, "ಇದ್ದದ್ದನ್ನೇ ಮೂರು ಪಾಲು ಮಾಡುವ," ಎಂದು ಬೆರಳಿನಿಂದ ಬೈತಲೆ ತೆಗೆಯತೊಡಗಿದರು.

ಜುವೈರಿಯಾಳ ಕಣ್ಣು ಅಷ್ಟರಲ್ಲಿ ಬೇರೆ ಕಡೆ ಹೋಗಿತ್ತು. ತಲೆಬಟ್ಟೆ ಎಳೆದಾಗ ಮೈಮೇಲೆ ಹೊದಿಸಿದ್ದ ಬಟ್ಟೆಯೂ ಸ್ವಲ್ಪ ಜಾರಿ, ಬಲಗಡೆಯ ಹೆಗಲೆಲುಬಿನ ಕೆಳಗೆ ಚರ್ಮದೊಳಗೆ ಏನೋ ಉಬ್ಬಿಕೊಂಡಿರುವುದು ಕಾಣುತ್ತಿತ್ತು. ಕೋಟಿನ ಗುಂಡಿಯಷ್ಟು ದುಂಡಗೆ. ಅದರ ಮೇಲೆ ಅಡಿಕೋಲಿನಲ್ಲಿ ಎಳೆದಂಥ ನೇರ ಗಾಯದ ಗೆರೆ.

"ಪಾಪ, ಕಾಯಿಲೆಯ ಗಡ್ಡೆ," ಎಂದರು ಬೀಪಾತುಮ್ಮ, ಬಟ್ಟೆ ಮೇಲಕ್ಕೆಳೆಯುತ್ತ.

ಗಡ್ಡೆಯಲ್ಲ. ಜುವೈರಿಯಾಳಿಗೆ ಅದು ಏನೆಂದು ಗೊತ್ತಿತ್ತು. ಅಂಥದ್ದೊಂದನ್ನು ಅವಳು ಅಂಗೈಯಲ್ಲಿ ಹಿಡಿದು ನೋಡಿದ್ದಳು. ಅವಳು ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಬೀಪಾತುಮ್ಮ ಅವಳ ಮುಖವನ್ನೇ ನೋಡುತ್ತಿದ್ದರು. "ಕೇಳಿಲ್ಲಿ ಮಗಳೇ. ಇಲ್ಲಿ ಕಂಡದ್ದು ಇಲ್ಲೇ. ಕೂದಲಾಗಲಿ, ಗಾಯವಾಗಲಿ, ಎಂತದೇ ಆಗಲಿ. ತೊಳೆದವರು ಮಯ್ಯಿತ್ತಿನ ಗುಟ್ಟು ಮುಚ್ಚಿಟ್ಟರೆ ನಾಳೆ ನಮ್ಮದನ್ನು ಅಲ್ಲಾಹು ಮುಚ್ಚಿಡ್ತಾನೆ. ಹೊರಗೆ ಹೋಗಿ ಬಾಯಿ ಬಿಟ್ಟರೆ ಅದಕ್ಕಿಂತ ದೊಡ್ಡ ಪಾಪ ಇಲ್ಲ."

"ಇಲ್ಲ ಮಾಮಿ," ಎಂದಳು ಜುವೈರಿಯಾ.

*

ಮೂರು ತಿಂಗಳ ಹಿಂದೆ ಡಾಕ್ಟರ್ ಶೈಮಾ ಮೇಜಿನ ಡ್ರಾಯರಿನಿಂದ ಆ ಗುಂಡಿಯಂಥದ್ದನ್ನು ತೆಗೆದು ಅವಳ ಅಂಗೈ ಮೇಲೆ ಇಟ್ಟಿದ್ದರು. ಡಾಕ್ಟರು ಭಟ್ಕಳದವರು. ಜುವೈರಿಯಾಳ ಅರಬಿ ತರಕಾರಿ ಅಂಗಡಿಗೆ ಸಾಕು, ಆಸ್ಪತ್ರೆಗೆ ಸಾಲದು ಎಂದು ಕಂಡು ಕನ್ನಡಕ್ಕೆ ತಿರುಗಿದ್ದರು.

"ಇದನ್ನು ಇಲ್ಲಿ, ಚರ್ಮದ ಒಳಗೆ ಇಡ್ತೇವೆ. ಕೀಮೋ ಇದರ ಮೂಲಕ ಹೋಗ್ತದೆ. ಪ್ರತಿ ಸಲ ಕೈಯ ನರ ಹುಡುಕಿ ಚುಚ್ಚುವ ಕಷ್ಟ ಇಲ್ಲ. ನಿಮ್ಮದು ಇನ್ನೂ ಒಂದೇ ಕಡೆ ಉಂಟು ಜುವೈರಿಯಾ, ಹರಡಲಿಲ್ಲ. ಈಗಲೇ ಹಿಡಿದರೆ ಹಿಡೀಬಹುದು. ತಡ ಮಾಡಿದ್ರೆ ನಾನು ಹೀಗೆ ಹೇಳುವ ಹಾಗಿಲ್ಲ."

ಕೀಮೋ ಎಂಬ ಮಾತು ಕಿವಿಗೆ ಬಿದ್ದದ್ದೇ ಜುವೈರಿಯಾಳಿಗೆ ಆಮೇಲಿನದ್ದು ಏನೂ ಕೇಳಿಸಲಿಲ್ಲ. ದೇರಳಕಟ್ಟೆಯ ಆಸ್ಪತ್ರೆಯಲ್ಲಿ ಅವಳ ಉಮ್ಮ ಅದನ್ನೇ ಹಾಕಿಸಿಕೊಂಡು, ಬೇಸಿನ್ನು ಮಡಿಲಲ್ಲಿಟ್ಟುಕೊಂಡು ವಾಂತಿ ಮಾಡುತ್ತ ಮಾಡುತ್ತಲೇ ಹೋದವರು. ಕೊನೆಗೆ ಉಮ್ಮನ ಮುಖ ಮಗಳಿಗೇ ಗುರುತು ಸಿಗುತ್ತಿರಲಿಲ್ಲ. ತಾನೂ ಹಾಗೆ ಹೋಗುವುದು, ಹನ್ನೆರಡು ವರ್ಷದ ಮಗಳು ಜಸ್ನಾ ಪಕ್ಕದಲ್ಲಿ ನಿಂತು ನೋಡುವುದು, ಇದನ್ನು ನೆನೆಯುವುದೇ ಅವಳಿಂದ ಆಗಲಿಲ್ಲ. ಆಸ್ಪತ್ರೆಯಿಂದ ಟ್ಯಾಕ್ಸಿ ಹಿಡಿದವಳು ತನ್ನ ಮನೆಗೆ ಹೋಗದೆ ನೇರ ಜಮೀಲಮ್ಮನ ಮನೆಗೆ ಬಂದಳು.

ಅಜೀಜಿಯಾದಲ್ಲಿ ದುಃಖವಾದವರು, ಹಸಿದವರು, ಗಂಡನ ಜೊತೆ ಜಗಳವಾಡಿದವರು ಎಲ್ಲರೂ ಹೋಗುತ್ತಿದ್ದುದು ಅಲ್ಲಿಗೇ. ಎರಡು ಕೋಣೆಯ ಮನೆ. ಗಂಡ ಮೊಯಿದಿನಬ್ಬ ಗೋದಾಮಿನಲ್ಲಿ ಸ್ಟೋರ್‌ಕೀಪರ್. ತಾಯಂದಿರು ಕೆಲಸದಿಂದ ಬರುವವರೆಗೆ ಇಂಡಿಯನ್ ಸ್ಕೂಲಿನ ಮಕ್ಕಳು ಜಮೀಲಮ್ಮನ ಮನೆಯಲ್ಲೇ ಉಂಡು, ಅಲ್ಲೇ ಹೋಮ್‌ವರ್ಕು ಮಾಡಿ, ಅಲ್ಲೇ ಹೊಡೆದಾಡುತ್ತಿದ್ದವು. ಮಕ್ಕಳು ಇಂಗ್ಲಿಷಿನಲ್ಲಿ ಏನು ಹೇಳಿದರೂ ಜಮೀಲಮ್ಮ "ಯೆಸ್ ಯೆಸ್" ಅನ್ನುತ್ತಿದ್ದರು. ಅವರು ಯಾರಿಗೂ ಇಲ್ಲ ಎಂದದ್ದನ್ನು ಕೇಳಿದವರಿಲ್ಲ. ಯಾರು ಬಿರಿಯಾನಿ ಮಾಡಿ ಕಳಿಸಿದರೂ "ಇಂಥದ್ದು ನಾನು ತಿಂದೇ ಇರಲಿಲ್ಲ" ಎನ್ನುವರು. ಊಟದ ಹೊತ್ತಿಗೆ ನಾಲ್ಕು ಜನ ಹೆಚ್ಚು ಬಂದರೆ "ನಂದು ಆಗಲೇ ಆಯ್ತು" ಎಂದು ತನ್ನ ಪಾಲು ಬಡಿಸುವರು. ಇಂಥ ಸಣ್ಣಪುಟ್ಟ ಸುಳ್ಳುಗಳು ಅವರ ಬಾಯಲ್ಲಿ ಸಕ್ಕರೆಯ ಹಾಗೆ ಕರಗುತ್ತಿದ್ದವು. ಅದರಿಂದ ಯಾರಿಗಾದರೂ ಕೇಡಾದೀತು ಎಂದು ಯಾರೂ ಅಂದುಕೊಂಡಿರಲಿಲ್ಲ.

ಅಂದು ಅಬ್ದುಸ್ಸಲಾಮನೂ ಅಲ್ಲೇ ಇದ್ದ. ಶರಫಿಯಾದಲ್ಲಿ ಮೊಬೈಲಿನ ಅಂಗಡಿ ಇಟ್ಟವನು. ಉಮ್ಮ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದನಂತೆ. ಎತ್ತಿ ಆಡಿಸಿ ದೊಡ್ಡದು ಮಾಡಿದವಳು ಅಕ್ಕ. ಅಕ್ಕನಿಗೆ ಕ್ಯಾನ್ಸರ್ ಎಂದಾಗ ಊಟ ನಿದ್ದೆ ಬಿಟ್ಟು ಮೊಬೈಲಿನಲ್ಲಿ ಹುಡುಕಿ ಹುಡುಕಿ, ಎಲ್ಲೋ ಯುರೋಪಿನ ಕಡೆಯಿಂದ ಆ ಇಂಜೆಕ್ಷನ್ ತರಿಸಿದ್ದ. ಐಸಿನ ಪೆಟ್ಟಿಗೆಯಲ್ಲಿ ಬರುವ, ಹೆಬ್ಬೆರಳಷ್ಟು ದೊಡ್ಡ ಬಾಟಲಿಗಳು. ಅದರಲ್ಲಿ ಅವನು ಒಂದು ರಿಯಾಲು ಲಾಭ ಮಾಡಿಕೊಂಡವನಲ್ಲ. ನಂಬಿದ್ದ, ಅಷ್ಟೆ.

"ನೋಡು ಜುವೈರಿಯಾ, ನಮ್ಮ ರಕ್ತದಲ್ಲೇ ಕಾವಲಿನವರು ಇದ್ದಾರೆ," ಎಂದು ಅವನು ತೋರುಬೆರಳಿನಿಂದ ಮೇಜಿನ ಮೇಲೆ ಗೀಚಿ ತೋರಿಸಿದ. "ಕೆಟ್ಟ ಕಣವನ್ನು ನುಂಗುವುದೇ ಅವರ ಕೆಲಸ. ಕ್ಯಾನ್ಸರ್ ಎಂತ ಮಾಡ್ತದೆ, ಅವರಿಗೆ ಮದ್ದು ಹಾಕಿ ಮಲಗಿಸಿಬಿಡ್ತದೆ. ಈ ಇಂಜೆಕ್ಷನ್ ಮನುಷ್ಯರ ರಕ್ತದಿಂದಲೇ ತೆಗೆದ ಪ್ರೋಟೀನು. ಹೋಗಿ ಕಾವಲಿನವರನ್ನು ಎಬ್ಬಿಸ್ತದೆ. ನೋವಿಲ್ಲ, ವಾಂತಿ ಇಲ್ಲ, ಕೂದಲು ಹೋಗುವುದಿಲ್ಲ. ಅಕ್ಕನನ್ನು ನೋಡು. ನಿನ್ನ ಎದುರೇ ಉಂಟಲ್ಲ ಸಾಕ್ಷಿ."

ಸಾಕ್ಷಿ ಒಲೆಯ ಎದುರು ನಿಂತು ಪತ್ತಿರ್, ಅಕ್ಕಿರೊಟ್ಟಿ, ಸುಡುತ್ತಿತ್ತು. ತಲೆಬಟ್ಟೆಯ ಅಂಚಿನಿಂದ ಬೆವರಿಳಿಯುತ್ತಿತ್ತು.

ಜುವೈರಿಯಾ ಡಾಕ್ಟರ್ ಶೈಮಾಗೆ ಅಲ್ಲಿಂದಲೇ ಫೋನು ಮಾಡಿದ್ದಳು. ಡಾಕ್ಟರು ಬೈಯಲಿಲ್ಲ. "ಕೇಳ್ಲಿಕ್ಕೆ ಚೆಂದ ಉಂಟು. ಕಾವಲು ಕಣ ಇರುವುದೂ ನಿಜ, ಅವುಗಳನ್ನು ಎಬ್ಬಿಸುವ ಔಷಧಿ ಬೇರೆ ಇರುವುದೂ ನಿಜ. ಆದರೆ ಅದನ್ನೆಲ್ಲ ಸಾವಿರಾರು ರೋಗಿಗಳಿಗೆ ಕೊಟ್ಟು, ಕೊಡದವರ ಜೊತೆ ಹೋಲಿಸಿ ನೋಡಿದ್ದಾರೆ. ಇದನ್ನು ಹಾಗೆ ಯಾರೂ ನೋಡಲಿಲ್ಲ. ಇದರ ಬಗ್ಗೆ ಬಂದ ಲೇಖನಗಳನ್ನು ಅಚ್ಚು ಮಾಡಿದವರೇ ತಪ್ಪುಂಟು ಅಂತ ವಾಪಸು ತಗೊಂಡಿದ್ದಾರೆ. ಆ ಬಾಟಲಿಯಲ್ಲಿ ಎಂತ ಉಂಟು ಅಂತ ತುಂಬಿಸಿದವನಿಗೆ ಮಾತ್ರ ಗೊತ್ತು."

"ನಮ್ಮ ಮಾಮಿಗೆ ಗುಣ ಆಗಿದೆಯಲ್ಲ ಡಾಕ್ಟ್ರೇ?"

"ಅವರು ಇದರ ಜೊತೆಗೆ ಬೇರೆ ಎಂತ ತಗೊಂಡಿದ್ದರು ಅಂತ ಮೊದಲು ಕೇಳಿ."

ಅವಳು ಕೇಳಿದಳು. ಫೋನು ಕೈಯಲ್ಲಿ ಹಿಡಿದುಕೊಂಡೇ, "ಮಾಮೀ, ನೀವು ಕೀಮೋ ತಗೊಂಡಿದ್ರಾ?" ಎಂದು ಕೇಳಿದಳು.

ಜಮೀಲಮ್ಮ ಚಟ್ಟುಗ ಹಿಡಿದು ತಿರುಗಿದರು. ಮೊದಲು ಜುವೈರಿಯಾಳನ್ನು ನೋಡಿದರು, ಆಮೇಲೆ ತಮ್ಮನನ್ನು. ಏನೋ ಹೇಳುವಂತೆ ಬಾಯಿ ತೆರೆದರು.

ಅಷ್ಟರಲ್ಲಿ ಅಬ್ದುಸ್ಸಲಾಮನೇ ನಕ್ಕುಬಿಟ್ಟ. "ಕೀಮೋವಾ? ಕೀಮೋ ಹಾಕಿದ್ರೆ ಕಾವಲಿನವರೇ ಸಾಯ್ತಾರೆ. ಇಂಜೆಕ್ಷನ್ ದಂಡ. ನಾನು ಅಕ್ಕನ ಕೈಯಲ್ಲಿ ಕುರಾನ್ ಮುಟ್ಟಿಸುವುದೊಂದೇ ಬಾಕಿ ಇತ್ತು, ಆಸ್ಪತ್ರೆಗೆ ಹೋಗಬೇಡ ಅಂತ. ಅಲ್ವಾ ಅಕ್ಕ?"

"ಕೂತು ತಿನ್ನು ಮಗಳೇ," ಎಂದರು ಜಮೀಲಮ್ಮ. "ಪತ್ತಿರ್ ತಣಿದ್ರೆ ಚೆನ್ನಾಗಿರುವುದಿಲ್ಲ."

ಜುವೈರಿಯಾ ತಿಂದಳು. ತಿನ್ನುತ್ತ ತಿನ್ನುತ್ತ ಎದೆಯ ಮೇಲಿನ ಭಾರ ಇಳಿದುಹೋಯಿತು. ಅಂದು ಸಂಜೆ ಮೊದಲ ಇಂಜೆಕ್ಷನ್ ಚುಚ್ಚಿಸಿಕೊಂಡಳು. ಮಕ್ಕಾದ ಹೋಟೆಲಿನಲ್ಲಿ ಕೆಲಸದಲ್ಲಿರುವ ಗಂಡ ಅಬ್ದುಲ್ ಸಮದ್ ಫೋನಿನಲ್ಲಿ, "ಜಮೀಲಮ್ಮನಿಗೆ ಗುಣ ಆಗಿದೆಯಂತಾದರೆ ಆಗಲಿ," ಎಂದ. ಇಬ್ಬರೂ ಬೇರೆ ಯಾರಿಗೂ ಹೇಳಲಿಲ್ಲ.

*

ಮಯ್ಯಿತ್ತನ್ನು ಮಕ್ಕಾಕ್ಕೆ ಒಯ್ಯುವ ವ್ಯಾನು ಜಮೀಲಮ್ಮನ ಮನೆಯ ಕಟ್ಟಡದ ಕೆಳಗೆ ನಿಂತಿತ್ತು. ಹರಮಿನ ದೊಡ್ಡ ಮಸೀದಿಯಲ್ಲಿ ಸಂಜೆಯ ಅಸರ್ ನಮಾಜಿನ ಬಳಿಕ ಜನಾಝದ ಪ್ರಾರ್ಥನೆ, ಅಲ್ಲೇ ಮಣ್ಣು ಮಾಡುವುದು. "ಎಂಥ ಭಾಗ್ಯ. ನಮಗೆ ಸಿಕ್ಕೀತಾ?" ಎಂದು ಮೆಟ್ಟಿಲಲ್ಲಿ ಹೆಂಗಸರು ಪಿಸುಗುಟ್ಟುತ್ತಿದ್ದರು. ಹೆಂಗಸರಿಗೆ ಅಲ್ಲಿಯವರೆಗೆ ಹೋಗಲಿಕ್ಕಿಲ್ಲ. ಮನೆಯಲ್ಲಿ ಕೂತು ಕುರಾನಿನ ಯಾಸೀನ್ ಅಧ್ಯಾಯ ಓದುವುದು.

ಅಬ್ದುಸ್ಸಲಾಮ್ ಮೆಟ್ಟಿಲಿಳಿಯುವವನು ಜುವೈರಿಯಾಳನ್ನು ಕಂಡು ನಿಂತ. ಅತ್ತು ಅತ್ತು ಕಣ್ಣು ಊದಿತ್ತು.

"ಜುವೈರಿಯಾ, ಹೆದರಬೇಡ. ಇದು ಹಾರ್ಟು. ನೀನು ನಿಲ್ಲಿಸಬಾರದು. ಫ್ರಿಜ್ಜಲ್ಲಿ ಹೊಸದು ಉಂಟು, ನಿನ್ನ ಹೆಸರಲ್ಲೇ ತರಿಸಿದ್ದು. ಅಕ್ಕ ಇದ್ದಿದ್ರೆ ಅದನ್ನೇ ಹೇಳ್ತಿದ್ದಳು."

"ಸಲಾಮಾಕಾ, ಮಾಮಿ..." ಎಂದಳು ಜುವೈರಿಯಾ.

"ಎರಡು ವರ್ಷ ಮಾರಾಯ್ತಿ. ಡಾಕ್ಟರು ಆರು ತಿಂಗಳು ಅಂದಿದ್ದರು. ಎರಡು ವರ್ಷ ನನ್ನ ಅಕ್ಕನನ್ನು ಉಳಿಸಿಕೊಂಡೆ." ಅವನು ಮುಖ ಮುಚ್ಚಿಕೊಂಡು ಕೆಳಗಿಳಿದು ಹೋದ.

ಜುವೈರಿಯಾಳಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಹೆದರಿಕೆ. ಇಷ್ಟು ಪ್ರೀತಿಯಿಂದ, ಇಷ್ಟು ಖಾತ್ರಿಯಿಂದ ಹೇಳುವ ಮನುಷ್ಯನ ಎದುರು ಜಮೀಲಮ್ಮ ಮಾಮಿ ಎರಡು ವರ್ಷ ಹೇಗೆ ಬಾಯಿ ಕಟ್ಟಿಕೊಂಡಿದ್ದರು ಎಂದು ಅವಳಿಗೆ ಅರ್ಥವಾಯಿತು. ತಾನೂ ಕಟ್ಟಿಕೊಂಡೇ ನಿಂತಿದ್ದಾಳಲ್ಲ.

ಮೊಯಿದಿನಬ್ಬ ಕೊನೆಗೆ ಹೊರಬಂದರು. ಇಸ್ತ್ರಿ ಇಲ್ಲದ ಬಿಳಿ ಅಂಗಿ, ತಲೆಗೆ ಟೊಪ್ಪಿ. ಬಾಗಿಲಲ್ಲಿ ಅವಳೊಬ್ಬಳೇ ಇರುವುದನ್ನು ನೋಡಿ, ನೆಲದ ಕಡೆ ಕಣ್ಣಿಟ್ಟು ತಗ್ಗಿದ ಸ್ವರದಲ್ಲಿ ಮಾತಾಡಿದರು.

"ತೊಳೆದದ್ದು ನೀನಲ್ವಾ. ಕಂಡಿರಬೇಕು."

ಜುವೈರಿಯಾ ಬೀಪಾತುಮ್ಮನಿಗೆ ಕೊಟ್ಟ ಮಾತನ್ನು ನೆನೆದು ಮುಖ ತಗ್ಗಿಸಿದಳು.

"ಬೆಳಿಗ್ಗೆ ಮಕ್ಕಳು ಸ್ಕೂಲಿಗೆ ಹೋದ ಮೇಲೆ ನಾನೇ ಕೀಮೋಗೆ ಕರಕೊಂಡು ಹೋಗ್ತಿದ್ದೆ. ಮಧ್ಯಾಹ್ನ ಬಂದು ಮಕ್ಕಳಿಗೆ ಬಡಿಸ್ತಿದ್ದಳು. ವಾಂತಿ ಬಂದ್ರೆ ಬಾತ್‌ರೂಮಲ್ಲಿ ನಲ್ಲಿ ಬಿಟ್ಟು ಮಾಡ್ತಿದ್ದಳು, ಕೇಳಬಾರದು ಅಂತ. ಅವಳದ್ದು ಮೊದಲೇ ಲಿವರಿಗೆ ಹೋಗಿತ್ತು. ಡಾಕ್ಟರು ಹೇಳಿದ್ದರು, ಗುಣ ಆಗುವುದಿಲ್ಲ, ಸ್ವಲ್ಪ ದಿನ ಹೆಚ್ಚು ಸಿಗ್ತದೆ ಅಂತ. ಸಿಕ್ಕಿತು." ಅವರು ಉಸಿರೆಳೆದುಕೊಂಡರು. "ಸಲಾಮನ ಇಂಜೆಕ್ಷನನ್ನೂ ಬಿಡಲಿಲ್ಲ. ಪಾಪ, ಅಷ್ಟು ಕಷ್ಟಪಟ್ಟು ತಂದಿದ್ದಾನೆ ಅಂತ. ನಿನಗೆ ಹೇಳಬೇಕು ಅಂತ ದಿನಾ ಹೇಳ್ತಿದ್ದಳು. ದಿನಾ. ನಿನ್ನ ಮುಖ ಕಂಡರೆ ಅವಳಿಗೆ ಬಾಯಿ ಬರ್ತಿರಲಿಲ್ಲ. ನಾಳೆ ಹೇಳ್ತೇನೆ ಅಂತಿದ್ದಳು."

"ಮೊಯಿದಿನಾಕಾ, ನೀವಾದರೂ ನನಗೆ ಹೇಳಬಹುದಿತ್ತಲ್ಲ?"

ಮುದುಕನ ಕಣ್ಣು ಈಗ ಮೇಲೆದ್ದಿತು. ಅದರಲ್ಲೂ ಹೆದರಿಕೆಯೇ ಇತ್ತು. "ತಪ್ಪಾಯ್ತು. ಆದರೆ ಸಲಾಮನಿಗೆ ಮಾತ್ರ ಹೇಳಬೇಡ ಮಗಳೇ. ಅವನು ಉಳಿಯುವುದಿಲ್ಲ." ಕೆಳಗೆ ಯಾರೋ ಯಲ್ಲಾ ಯಲ್ಲಾ ಎಂದು ಅವಸರ ಮಾಡಿದರು. ಮೊಯಿದಿನಬ್ಬ ಗೋಡೆ ಹಿಡಿದುಕೊಂಡು ಇಳಿದರು.

*

ಹತ್ತು ದಿನದ ಹಿಂದೆ ಜಮೀಲಮ್ಮ ಫೋನು ಮಾಡಿದ್ದರು. ಜುವೈರಿಯಾ ಬಟ್ಟೆ ಒಣಹಾಕುತ್ತಿದ್ದಳು.

"ಮಗಳೇ, ಒಂದು ವಿಷಯ ಹೇಳ್ಲಿಕ್ಕಿತ್ತು."

"ಹೇಳಿ ಮಾಮಿ."

ಆ ಕಡೆಯಿಂದ ಉಸಿರು ಮಾತ್ರ ಕೇಳಿಸಿತು. ಮೆಟ್ಟಿಲು ಹತ್ತಿ ಬಂದವರ ಹಾಗಿತ್ತು.

"ಗಂಟು ಹೇಗುಂಟು?"

ಗಂಟು ದೊಡ್ಡದಾಗಿತ್ತು. ಸ್ನಾನ ಮಾಡುವಾಗ ಅವಳು ಆ ಕಡೆ ಕೈಯನ್ನೇ ಒಯ್ಯುತ್ತಿರಲಿಲ್ಲ. "ಹಾಗೇ ಉಂಟು ಮಾಮಿ," ಎಂದಳು. ಮಾಮಿಗೆ ಬೇಜಾರಾಗಬಾರದು ಎಂದು ಮುಂದುವರಿಸಿ, "ಸ್ವಲ್ಪ ಮೆತ್ತಗಾದ ಹಾಗೆ ಕಾಣ್ತದೆ," ಎಂದೂ ಸೇರಿಸಿದಳು.

"ಹೌದಾ," ಎಂದರು ಜಮೀಲಮ್ಮ. ಆಮೇಲೆ, "ಜಸ್ನಾಳ ಪರೀಕ್ಷೆ ಮುಗೀತಾ?" ಎಂದು ಕೇಳಿದರು.

*

ಯಾಸೀನ್ ಮುಗಿದು ಚಾ ಬಂದಿತ್ತು. ಹೊರಕೋಣೆಯ ತುಂಬ ಕಪ್ಪು ಬುರ್ಖಾದ ಹೆಂಗಸರು. ಮೂಲೆಯ ಕುರ್ಚಿಯಲ್ಲಿ ಬೀಪಾತುಮ್ಮ ಕಣ್ಣು ಮುಚ್ಚಿ ತಸ್ಬೀಹ್ ಮಣಿ ಎಣಿಸುತ್ತಿದ್ದರು.

"ಒಬ್ಬರ ಮನಸ್ಸು ನೋಯಿಸಿದವಳಲ್ಲ," ಎಂದರು ಒಬ್ಬರು.

"ಒಂದು ಕೆಟ್ಟ ಮಾತು ಆ ಬಾಯಲ್ಲಿ ಬರಲಿಲ್ಲ," ಎಂದರು ಇನ್ನೊಬ್ಬರು. "ಅಂಥ ಕಾಯಿಲೆಯೂ ಹಾಗೇ ಬಿಟ್ಟುಹೋಯ್ತು. ಒಂದು ದಿನ ಮಲಗಿದ್ದು ಕಾಣಲಿಲ್ಲ. ಆ ಇಂಜೆಕ್ಷನ್ ಅಂದ್ರೆ ಇಂಜೆಕ್ಷನ್."

ಜುವೈರಿಯಾಳಿಗೆ ಅಲ್ಲಿ ಕೂರಲಾಗಲಿಲ್ಲ. ಲೋಟಗಳನ್ನು ಒಟ್ಟುಮಾಡಿ ಅಡುಗೆಮನೆಗೆ ಹೋದಳು. ಸಿಂಕಿನ ಎದುರು ನಿಂತು ನಲ್ಲಿ ತಿರುಗಿಸಿದಾಗ ಮಾಮಿ ನೀರಿನ ಸದ್ದಿನಲ್ಲಿ ವಾಂತಿ ಮಾಡಿದ ಮಾತು ನೆನಪಾಗಿ ಥಟ್ಟನೆ ನಿಲ್ಲಿಸಿದಳು. ಮಾಮಿಯ ಮೇಲೆ ಮೊದಲ ಸಲ ಅವಳಿಗೆ ಕೋಪ ಬಂತು. ಯಾರ ಮನಸ್ಸೂ ನೋಯಿಸಲಿಲ್ಲ, ಸರಿ. ನನ್ನನ್ನು ಸಾಯಲು ಬಿಟ್ಟಿರಲ್ಲ ಮಾಮಿ. ಹಾಗೆ ಅಂದುಕೊಂಡದ್ದೇ ಅಳು ಒತ್ತರಿಸಿ ಬಂತು. ಇವತ್ತು ತೊಳೆದು ಕಳಿಸಿದ ಹೆಂಗಸಿನ ಮೇಲೆ ಕೋಪ ಮಾಡಿಕೊಂಡು ಎಲ್ಲಿಗೆ ಹೋಗುವುದು?

"ಜುವೈರಿಯಾ ಅವ್ರೇ, ಒಂದು ನಿಮಿಷ."

ವಸಂತಿ ಬಂದು ಹಿಂದೆ ನಿಂತಿದ್ದಳು. ಮೂರನೇ ಮಹಡಿಯ ವಸಂತಿ, ನರ್ಸರಿ ಶಾಲೆಯಲ್ಲಿ ಟೀಚರು. ಅವಳ ಮಗಳು ಮೋನಿಷಾ ಅಂಗನವಾಡಿಯ ವಯಸ್ಸಿನಿಂದ ಬೆಳೆದದ್ದು ಇದೇ ಮನೆಯಲ್ಲಿ. ಗಂಡ ಸೇಸಪ್ಪ ಬಂದರಿನಲ್ಲಿ ಕ್ರೇನ್ ಆಪರೇಟರ್. ವಸಂತಿ ಬಾಗಿಲನ್ನು ಅರ್ಧ ಮುಂದೆ ಮಾಡಿದಳು.

"ನಮ್ಮ ಇವರ ಗಂಟಲಿನ ಕ್ಯಾನ್ಸರ್ ವಿಷಯ ನಿಮಗೆ ಗೊತ್ತಿರ್ಬೇಕು. ನಾಳೆ ಬೆಳಿಗ್ಗೆ ಅಡ್ಮಿಟ್ ಆಗ್ಲಿಕ್ಕುಂಟು. ಆಪರೇಷನ್. ಸ್ವರ ಹೋಗಬಹುದು, ಜೀವ ಉಳೀತದೆ ಅಂತ ಡಾಕ್ಟ್ರು ಹೇಳಿದ್ದಾರೆ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ಮೊನ್ನೆ ಸಲಾಂ ಬ್ಯಾರಿಯವ್ರು ಇವರಿಗೆ ಹೇಳಿದ್ದಾರೆ, ಕೊಯ್ಯಿಸಬೇಡಿ, ಅಕ್ಕನಿಗೆ ಗುಣ ಮಾಡಿದ ಮದ್ದುಂಟು ಅಂತ. ಅಂದಿನಿಂದ ಹಟ ಹಿಡಿದು ಕೂತಿದ್ದಾರೆ. ಆಸ್ಪತ್ರೆಗೆ ಬರುವುದೇ ಇಲ್ಲಂತೆ. ಈಗ ಮಾಮಿ ಹೋದ್ರಲ್ಲ ಅಂದ್ರೆ, ಅದು ಹಾರ್ಟು ಅಂತಾರೆ. ನೀವು ಮಾಮಿಯ ಹತ್ರದವ್ರು. ತೊಳೆದದ್ದೂ ನೀವೇ ಅಂತ ಕೇಳಿದೆ. ನಂಗೆ ಒಂದು ಮಾತು ಹೇಳಿ ಸಾಕು. ಅವರಿಗೆ ಆ ಇಂಜೆಕ್ಷನಿಂದಲೇ ಗುಣ ಆದದ್ದಾ?"

ಅರ್ಧ ತೆರೆದ ಬಾಗಿಲಿನಾಚೆ ಬೀಪಾತುಮ್ಮ ಕಾಣುತ್ತಿದ್ದರು. ತಸ್ಬೀಹ್ ನಿಂತಿತ್ತು. ಕಣ್ಣು ತೆರೆದಿತ್ತು.

ಜುವೈರಿಯಾ ಯೋಚಿಸಿದಳು. ಹೇಳಿದರೆ, ಇನ್ನೂ ಮಣ್ಣಿಗೆ ಸೇರದ ಮಯ್ಯಿತ್ತಿನ ಮಾನ ತೆಗೆದಂತೆ. ಸಲಾಮಾಕ ಎರಡು ವರ್ಷ ಉಳಿಸಿಕೊಂಡೆ ಎಂದು ಎದೆಗೊತ್ತಿಕೊಂಡದ್ದನ್ನು ಕಿತ್ತುಕೊಂಡಂತೆ. ಹೇಳದಿದ್ದರೆ ಮೂರನೇ ಮಹಡಿಯಲ್ಲಿ ಒಬ್ಬ ಮನುಷ್ಯ ಮನೆಯಲ್ಲೇ ಕೂತು ಸಾಯುತ್ತಾನೆ. "ನನಗೆಂತ ಗೊತ್ತು, ದೇವರಿಗೆ ಗೊತ್ತು," ಎಂಬ ಮಾತು ನಾಲಗೆಯ ತುದಿಗೇ ಬಂದಿತ್ತು. ಹಾಗೆ ಹೇಳುವುದು ಎಷ್ಟು ಸುಲಭ. ಒಂದು ಲೋಟ ಚಾ ಕೊಟ್ಟು, ಕೂತ್ಕೊಳ್ಳಿ, ಎಲ್ಲ ಒಳ್ಳೆಯದಾಗ್ತದೆ ಎಂದು ಬೆನ್ನು ಸವರಿದರೆ ವಸಂತಿ ಹಗುರಾಗಿ ಮನೆಗೆ ಹೋಗುತ್ತಾಳೆ, ತಾನು ಅಂದು ಹೋದ ಹಾಗೆ.

"ಮಾಮಿಯ ವಿಷಯ ನಾನು ಹೇಳುವ ಹಾಗಿಲ್ಲ ವಸಂತಿ," ಎಂದಳು. ಅವಳ ಸ್ವರ ಅವಳಿಗೇ ಪರಕೀಯವಾಗಿ ಕೇಳಿಸಿತು.

ವಸಂತಿಯ ಮುಖ ಇಳಿಯಿತು. "ಹೋಗಲಿ ಬಿಡಿ. ಇವತ್ತು ಕೇಳಬಾರದಿತ್ತು," ಎಂದು ತಿರುಗಿದಳು.

ಜುವೈರಿಯಾ ಅವಳ ಮಣಿಕಟ್ಟು ಹಿಡಿದುಕೊಂಡಳು. ಬಾಗಿಲನ್ನು ಕಾಲಿನಿಂದ ಪೂರ್ತಿ ಮುಚ್ಚಿದಳು. ಇನ್ನೊಂದು ಕೈಯಲ್ಲಿ ಬುರ್ಖಾದ ಮುಂದಿನ ಗುಂಡಿಗಳನ್ನು ಬಿಚ್ಚತೊಡಗಿದಳು. ಅವಸರದಲ್ಲಿ ಎರಡನೆಯದು ಕಿತ್ತೇ ಬಂತು.

"ಎಂತ ಮಾಡ್ತಿದ್ದೀರಿ ನೀವು?"

"ನಂದು ಹೇಳಬಹುದಲ್ಲ. ನನ್ನದಕ್ಕೆ ಯಾರ ಅಡ್ಡಿಯೂ ಇಲ್ಲ." ಅವಳು ವಸಂತಿಯ ಕೈಯನ್ನು ಅಂಗಿಯೊಳಗೆ ತಂದು ಎಡ ಎದೆಯ ಮೇಲೆ ಒತ್ತಿದಳು. "ನಾನು ಮೂರು ತಿಂಗಳು ಅದನ್ನೇ ಚುಚ್ಚಿಸಿಕೊಂಡೆ. ಅದೊಂದನ್ನೇ. ಬೇರೆ ಯಾವ ಮದ್ದೂ ಇಲ್ಲ. ಶುರುವಿಗೆ ಹುಣಸೆಬೀಜದಷ್ಟಿತ್ತು. ಮುಟ್ಟಿ ನೋಡಿ, ಸರಿಯಾಗಿ ಮುಟ್ಟಿ. ಹೋಗಿ ಸೇಸಪ್ಪಣ್ಣನಿಗೆ ಹೇಳಿ."

ವಸಂತಿ ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ. ಅವಳ ಕಣ್ಣು ಜುವೈರಿಯಾಳ ಮುಖದ ಮೇಲೇ ನೆಟ್ಟಿತ್ತು.

"ನಾಳೆ ನೀವು ಆಸ್ಪತ್ರೆಗೆ ಎಷ್ಟು ಗಂಟೆಗೆ ಹೊರಡುವುದು?" ಎಂದು ಕೇಳಿದಳು ಜುವೈರಿಯಾ. ಈಗ ಅವಳಿಗೆ ಅಳು ತಡೆಯಲಾಗಲಿಲ್ಲ. "ನಿಮ್ಮ ಗಾಡಿಯಲ್ಲಿ ನನಗೊಂದು ಜಾಗ ಸಿಕ್ಕೀತಾ? ಒಬ್ಬಳೇ ಹೋಗ್ಲಿಕ್ಕೆ ನಂಗೆ ಹೆದರಿಕೆ ಆಗ್ತದೆ."

ವಸಂತಿಯ ಬೆರಳುಗಳು ಗಂಟಿನ ಒಂದು ಅಂಚಿನಿಂದ ಹೊರಟು, ಮೆಲ್ಲಗೆ ಒತ್ತುತ್ತ ಒತ್ತುತ್ತ ಕಂಕುಳಿನವರೆಗೆ ಹೋಗಿದ್ದವು. ಇನ್ನೊಂದು ಅಂಚು ಸಿಗದೆ ಅಲ್ಲೂ ಹುಡುಕುತ್ತಿದ್ದವು.